ಕಾಣದ ಉಡುಪಿನ ಹೊಲಿಗೆ: ಯುರೋಪಿನ ಚಾರಿತ್ರಿಕ ಒಳಉಡುಪುಗಳ ಮರುನಿರ್ಮಾಣ

ಹಳೆಯ ಕಾಲದ ಉಡುಪೊಂದನ್ನು ರಂಗಕ್ಕಾಗಿಯೋ ವಸ್ತುಸಂಗ್ರಹಾಲಯಕ್ಕಾಗಿಯೋ ಮರಳಿ ಹೊಲಿಯಹೊರಟವರು ಸಾಮಾನ್ಯವಾಗಿ ಆ ಕಾಲದ ಚಿತ್ರಪಟವೊಂದನ್ನು ಮುಂದಿಟ್ಟುಕೊಳ್ಳುತ್ತಾರೆ. ಚಿತ್ರದಲ್ಲಿ ಕಾಣುವ ಬಣ್ಣ, ಅಂಚು, ನೆರಿಗೆ, ಗುಂಡಿಗಳನ್ನು ಯಥಾವತ್ತಾಗಿ ಅನುಕರಿಸಿದ ಮೇಲೂ ಆ ಉಡುಪು ತೊಟ್ಟವರ ಮೈಮೇಲೆ ಚಿತ್ರದಲ್ಲಿದ್ದಂತೆ ಕೂರುವುದಿಲ್ಲ. ಎದೆಯ ಭಾಗ ಸುಕ್ಕುಗಟ್ಟುತ್ತದೆ. ಸೊಂಟದ ಕೆಳಗೆ ಬಟ್ಟೆ ಜೋತುಬೀಳುತ್ತದೆ. ತೋಳೆತ್ತಿದರೆ ಕಂಕುಳ ಹೊಲಿಗೆ ಬಿಡುತ್ತದೆ. ಇಂಥ ಸಂದರ್ಭಗಳಲ್ಲಿ ಹೊರಉಡುಪಿನ ಕತ್ತರಿಕೆಯಲ್ಲಿ ದೋಷ ಹುಡುಕುವುದು ರೂಢಿ. ಬಹುಪಾಲು ದೋಷ ಇರುವುದು ಅದರೊಳಗೆ ಇರಬೇಕಾಗಿದ್ದ, ಆದರೆ ಯಾರೂ ಹೊಲಿಯದೆ ಬಿಟ್ಟ ಎರಡು ಮೂರು ಪದರಗಳಲ್ಲಿ.

ಪ್ರಸ್ತುತ ಲೇಖನವು ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಮಹಿಳೆಯರು, ವಿಶೇಷವಾಗಿ 18ನೆಯ ಶತಮಾನದಲ್ಲಿ, ತೊಡುತ್ತಿದ್ದ ಒಳಉಡುಪುಗಳ ಹೊಲಿಗೆಯನ್ನೂ ಅವುಗಳನ್ನು ಇಂದು ಮರುನಿರ್ಮಿಸುವ ಕ್ರಮವನ್ನೂ ವಿವರಿಸುತ್ತದೆ. ದೂರದ ದೇಶದ ಈ ವಿಷಯಕ್ಕೆ ಜಾನಪದ ಅಧ್ಯಯನದಲ್ಲಿ ಸ್ಥಾನವೇನು ಎಂದು ಕೇಳಬಹುದು. ಈ ಉಡುಪುಗಳಲ್ಲಿ ಅತ್ಯಂತ ಸಾಮಾನ್ಯವಾದುದನ್ನು ಹೊಲಿಯುತ್ತಿದ್ದವರು ಮನೆಯ ಹೆಂಗಸರು. ಅವರಿಗೆ ನಕ್ಷೆಯಿರಲಿಲ್ಲ, ಕೈಯಿಂದ ಕೈಗೆ, ತಾಯಿಯಿಂದ ಮಗಳಿಗೆ ಬಂದ ಲೆಕ್ಕವಿತ್ತು. ಬರಹಕ್ಕೆ ಇಳಿಯದ ಈ ತಿಳಿವಳಿಕೆಗೆ ಉಳಿದಿರುವ ಪ್ರಧಾನ ಆಕರವೆಂದರೆ ಬಟ್ಟೆಯೇ. ಆ ಬಟ್ಟೆಯನ್ನು ಓದುವ ವಿಶ್ವಾಸಾರ್ಹ ವಿಧಾನವೆಂದರೆ ಅದನ್ನು ಮತ್ತೊಮ್ಮೆ ಹೊಲಿಯುವುದು. ಹೊಲಿಗೆಯನ್ನು ಸಂಶೋಧನೆಯ ವಿಧಾನವೆಂದು ಒಪ್ಪಲು ನಮ್ಮ ವಿದ್ವತ್ ವಲಯ ಇನ್ನೂ ಹಿಂಜರಿಯುತ್ತಿದೆ. ಆ ಹಿಂಜರಿಕೆಗೆ ಕಾರಣವಿಲ್ಲವೆಂಬುದು ನನ್ನ ಅಭಿಪ್ರಾಯ.

ಉಳಿದದ್ದು ಮತ್ತು ಅಳಿದದ್ದು

ಸಂಗ್ರಹಾಲಯಗಳಲ್ಲಿ ರೇಷ್ಮೆಯ ಗೌನುಗಳು ಹೇರಳವಾಗಿವೆ. ಅವುಗಳೊಳಗೆ ತೊಡುತ್ತಿದ್ದ ಲಿನನ್ (ಅಗಸೆನಾರಿನ ಬಟ್ಟೆ) ಉಡುಪುಗಳು ವಿರಳ. ಇದಕ್ಕೆ ಅಲಕ್ಷ್ಯವೊಂದೇ ಕಾರಣವಲ್ಲ. ಮೈಗೆ ತಾಗುವ ಲಿನನ್ ಉಡುಪನ್ನು ಕ್ಷಾರದ ನೀರಿನಲ್ಲಿ ನೆನೆಸಿ, ಒಗೆದು, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿ ಬಿಳುಪು ಮಾಡುತ್ತಿದ್ದರು. ಸವೆದ ಭಾಗಕ್ಕೆ ತೇಪೆ ಹಾಕುತ್ತಿದ್ದರು. ತೇಪೆಯೂ ಸವೆದಾಗ ಗಟ್ಟಿಯಾಗಿ ಉಳಿದ ತುಂಡನ್ನು ಕೂಸಿನ ಬಟ್ಟೆಗೋ ಗಾಯದ ಪಟ್ಟಿಗೋ ಬಳಸುತ್ತಿದ್ದರು. ಕಡೆಗೆ ಉಳಿದ ಚಿಂದಿ ಕಾಗದದ ಕಾರ್ಖಾನೆ ಸೇರುತ್ತಿತ್ತು. 19ನೆಯ ಶತಮಾನದ ಮಧ್ಯಭಾಗದ ನಂತರ ಮರದ ತಿರುಳು ಬಳಕೆಗೆ ಬರುವವರೆಗೆ ಯುರೋಪಿನ ಕಾಗದಕ್ಕೆ ಚಿಂದಿಯೇ ಮೂಲವಸ್ತು. ಗ್ರಂಥಾಲಯಗಳಲ್ಲಿರುವ ಆ ಕಾಲದ ಮುದ್ರಿತ ಪುಸ್ತಕಗಳ ಹಾಳೆಗಳಲ್ಲಿ ಅದೇ ಕಾಲದ ಒಳಉಡುಪುಗಳ ನಾರು ಸೇರಿದೆಯೆಂದರೆ ಅತಿಶಯೋಕ್ತಿಯಾಗದು. ಸಂಗ್ರಹಾಲಯಕ್ಕೆ ಬಂದು ಸೇರಿದವು ಹೆಚ್ಚಾಗಿ ಶ್ರೀಮಂತರ ಮನೆಯ, ಹೆಚ್ಚು ಬಳಕೆಯಾಗದ ಉಡುಪುಗಳು. ಅವುಗಳನ್ನಷ್ಟೇ ನೋಡಿ ಸಾಮಾನ್ಯರ ಉಡುಪಿನ ಬಗ್ಗೆ ತೀರ್ಮಾನಕ್ಕೆ ಬರುವುದು ಅಪಾಯಕಾರಿ.

ಒಂದೇ ಒಂದು ಶೋಧವು ಇಂಥ ತೀರ್ಮಾನಗಳನ್ನು ಹೇಗೆ ಬುಡಮೇಲು ಮಾಡಬಲ್ಲದೆಂಬುದಕ್ಕೆ ಆಸ್ಟ್ರಿಯಾ ದೇಶದ ಪೂರ್ವ ಟೈರೋಲ್ ಪ್ರಾಂತದ ಲೆಂಗ್‌ಬರ್ಗ್ ಕೋಟೆ ಉತ್ತಮ ನಿದರ್ಶನ. 2008ರಲ್ಲಿ ಆ ಕೋಟೆಯ ದುರಸ್ತಿ ನಡೆಯುತ್ತಿದ್ದಾಗ ಕಮಾನಿನ ಮೇಲಿನ ನೆಲದ ಅಡಿಯಲ್ಲಿ ತುಂಬಿದ್ದ ಒಣಕಸದೊಳಗೆ 2,700ಕ್ಕೂ ಹೆಚ್ಚು ಬಟ್ಟೆಯ ತುಣುಕುಗಳು ದೊರೆತವು. ಅವುಗಳಲ್ಲಿ ಸ್ತನಗಳಿಗೆ ಪ್ರತ್ಯೇಕ ಬಟ್ಟಲಿನಾಕಾರದ ಭಾಗಗಳಿರುವ ನಾಲ್ಕು ಲಿನನ್ ಉಡುಪುಗಳಿದ್ದವು. ಅವು 15ನೆಯ ಶತಮಾನಕ್ಕೆ ಸೇರಿದವೆಂದು ಇಂಗಾಲ ಕಾಲಗಣನೆಯಿಂದ ಖಚಿತವಾಯಿತು. ಇನ್ಸ್‌ಬ್ರುಕ್ ವಿಶ್ವವಿದ್ಯಾನಿಲಯದ ಬಿಯಾಟ್ರಿಕ್ಸ್ ನಟ್ಸ್ ಅವರು ಇವುಗಳ ಅಧ್ಯಯನ ನಡೆಸಿದರು. 2012ರಲ್ಲಿ ಸುದ್ದಿ ಲೋಕಕ್ಕೆ ತಿಳಿಯಿತು. ಅಲ್ಲಿಯವರೆಗೆ ಅಂಥ ರಚನೆಯು 19–20ನೆಯ ಶತಮಾನಗಳ ಆವಿಷ್ಕಾರವೆಂಬುದು ಸಾಮಾನ್ಯ ನಂಬಿಕೆಯಾಗಿತ್ತು. ಐದುನೂರು ವರ್ಷ ಕಸದಲ್ಲಿ ಬಿದ್ದಿದ್ದ ಹರಕು ಬಟ್ಟೆ ಆ ನಂಬಿಕೆಯನ್ನು ಅಳಿಸಿತು.

ಶಿಫ್ಟ್: ಕತ್ತರಿಯ ಲೆಕ್ಕ

ಮಹಿಳೆಯರ ಮೈಗೆ ಮೊದಲು ತಾಗುವ ಉಡುಪನ್ನು ಇಂಗ್ಲೆಂಡಿನಲ್ಲಿ ಮೊದಲು ಸ್ಮಾಕ್ ಎಂದೂ 18ನೆಯ ಶತಮಾನದಲ್ಲಿ ಶಿಫ್ಟ್ ಎಂದೂ ಆನಂತರ ಫ್ರೆಂಚ್ ಪದವನ್ನೇ ತೆಗೆದುಕೊಂಡು ಶೆಮೀಸ್ ಎಂದೂ ಕರೆದರು. ಈ ಕೊನೆಯ ಪದವೇ ಹಿಂದಿಯಲ್ಲಿ ಶಮೀಜ್ ಆಗಿ ನೆಲೆಗೊಂಡಿದೆ. ಮೊಣಕಾಲಿನ ಕೆಳಗಿನವರೆಗೆ ಇಳಿಯುವ, ಸಡಿಲವಾದ, ಮೊಣಕೈವರೆಗೆ ತೋಳುಳ್ಳ ಬಿಳಿಯ ಲಿನನ್ ಅಂಗಿಯಿದು. ಹಗಲು ತೊಟ್ಟದ್ದನ್ನೇ ರಾತ್ರಿ ತೊಟ್ಟು ಮಲಗುವುದೂ ಇತ್ತು. ಇಂಗ್ಲೆಂಡಿನ ಮಹಿಳೆಯರಲ್ಲಿ ಚಡ್ಡಿಯ ಬಳಕೆ 1800ಕ್ಕೆ ಮೊದಲು ಸಾಮಾನ್ಯವಾಗಿರಲಿಲ್ಲವಾದುದರಿಂದ ಶಿಫ್ಟ್ ಒಂದೇ ಅವರ ನಿಜವಾದ ಒಳವಸ್ತ್ರ. ಇದರ ಮೇಲೆ ತೊಡುವ ಬಿಗಿಯುಡುಪನ್ನು ನೀರಿಗೆ ಹಾಕುವಂತಿರಲಿಲ್ಲ. ಬೆವರು, ಎಣ್ಣೆ, ಕೊಳೆಗಳನ್ನೆಲ್ಲ ಶಿಫ್ಟ್ ಹೀರಿಕೊಂಡು ಹೊರಪದರಗಳನ್ನು ಕಾಪಾಡುತ್ತಿತ್ತು. ಚಲನಚಿತ್ರಗಳಲ್ಲಿ ನಾಯಕಿಯ ಬರಿಮೈಮೇಲೆ ಕಾರ್ಸೆಟ್ ಬಿಗಿಯುವ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಆ ಕಾಲದ ಯಾವ ಹೆಂಗಸೂ ಹಾಗೆ ಮಾಡಿ ದುಬಾರಿಯ ಉಡುಪನ್ನು ಕೆಡಿಸಿಕೊಳ್ಳುತ್ತಿರಲಿಲ್ಲ.

ಶಿಫ್ಟಿನ ಕತ್ತರಿಕೆಯಲ್ಲಿ ತೋಳಿನ ಬುಡದ ಬಾಗು, ಸೊಂಟದ ಬಾಗು ಎಂಬುವಿಲ್ಲ. ಕೊರಳ ಭಾಗವೊಂದನ್ನು ಬಿಟ್ಟರೆ ಚೌಕ, ಆಯತ, ತ್ರಿಕೋನಗಳಷ್ಟೆ. ಬಟ್ಟೆಯ ಒಂದಿಂಚೂ ವ್ಯರ್ಥವಾಗಬಾರದೆಂಬುದು ಇಲ್ಲಿನ ಮೂಲತತ್ವ. ಲೆಕ್ಕ ಸ್ಪಷ್ಟವಾಗಲೆಂದು ಒಂದು ಉದಾಹರಣೆ ಕೊಡುತ್ತೇನೆ. ಹೊಲಿಗೆಗೆ ಬಿಡುವ ಅಂಚನ್ನು ಇದರಲ್ಲಿ ಗಣಿಸಿಲ್ಲ. ಬಟ್ಟೆಯ ಅಗಲ 36 ಅಂಗುಲ, ಉದ್ದ 90 ಅಂಗುಲ ಎಂದಿಟ್ಟುಕೊಳ್ಳೋಣ. ಅಗಲದಲ್ಲಿ 28 ಅಂಗುಲವನ್ನು ಮೈಭಾಗಕ್ಕೆ ಇಟ್ಟುಕೊಂಡು ಉದ್ದಕ್ಕೂ 8 ಅಂಗುಲದ ಪಟ್ಟಿಯನ್ನು ಕತ್ತರಿಸಬೇಕು. ಮೈಭಾಗವನ್ನು ನಡುವೆ ಮಡಿಸಿದರೆ ಮುಂದಕ್ಕೂ ಹಿಂದಕ್ಕೂ 45 ಅಂಗುಲ ಇಳಿಯುತ್ತದೆ. ಮಡಿಕೆಯೇ ಹೆಗಲು, ಅಲ್ಲಿ ಹೊಲಿಗೆ ಬೇಡ. 8 ಅಂಗುಲದ ಪಟ್ಟಿಯಿಂದ 33 ಅಂಗುಲ ಉದ್ದದ ಎರಡು ಆಯತಗಳನ್ನು ತೆಗೆದು ಪ್ರತಿಯೊಂದನ್ನೂ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದರೆ ನಾಲ್ಕು ತ್ರಿಕೋನಗಳು ಸಿಗುತ್ತವೆ. ಚೂಪು ತುದಿ ಮೇಲೆ ಬರುವಂತೆ ಅವುಗಳನ್ನು ಮುಂಭಾಗದ ಎರಡು ಬದಿಗೆ, ಹಿಂಭಾಗದ ಎರಡು ಬದಿಗೆ ಜೋಡಿಸಿದಾಗ ಎದೆಯ ಬಳಿ 28 ಅಂಗುಲವಿದ್ದ ಅಗಲ ಕೆಳಅಂಚಿನಲ್ಲಿ 44 ಅಂಗುಲವಾಗುತ್ತದೆ. ಸುತ್ತಳತೆ 88 ಅಂಗುಲ. ನಡೆಯಲು, ಕೂರಲು, ಬಾಗಿ ಕೆಲಸ ಮಾಡಲು ಬೇಕಾದ ಸಡಿಲ ಇದರಿಂದ ದೊರೆಯಿತು. ಪಟ್ಟಿಯಲ್ಲಿ ಇನ್ನೂ 24 ಅಂಗುಲ ಉಳಿದಿದೆ. ಅದರಿಂದ ಕಂಕುಳಿಗೆ ಎರಡು ಚೌಕಗಳೂ ತೋಳಿನ ಪಟ್ಟಿಗಳೂ ಆಗುತ್ತವೆ. ತೋಳುಗಳಿಗೆ ಮಾತ್ರ ಬೇರೆ ಎರಡು ಆಯತ ಬೇಕು.

ಕಂಕುಳ ಚೌಕದ ಬಗ್ಗೆ ಎರಡು ಮಾತು ಹೇಳಲೇಬೇಕು. ಆಯತಾಕಾರದ ತೋಳನ್ನು ಆಯತಾಕಾರದ ಮೈಗೆ ನೇರವಾಗಿ ಹೊಲಿದರೆ ಕೈ ಚಾಚಿದಾಗ ಎಳೆತವೆಲ್ಲ ಕಂಕುಳಿನ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಅಲ್ಲಿ ಚೌಕವೊಂದನ್ನು ಮೂಲೆ ಮೇಲಾಗಿ ಕೂರಿಸಿದರೆ ಎಳೆತ ಬಟ್ಟೆಯ ಓರೆಗೆ ಬರುತ್ತದೆ. ಹಾಸು ಹೊಕ್ಕುಗಳ ದಿಕ್ಕಿಗಿಂತ ಓರೆಯ ದಿಕ್ಕಿನಲ್ಲಿ ಬಟ್ಟೆ ಹಿಗ್ಗುವುದರಿಂದ ಹೊಲಿಗೆ ಹರಿಯುವುದಿಲ್ಲ. ಭಾರತೀಯ ಕುರ್ತಾಗಳಲ್ಲಿಯೂ ಪಕ್ಕದ ಓರೆ ತುಂಡುಗಳು ಮತ್ತು ಕಂಕುಳ ಚೌಕ ಕಂಡುಬರುತ್ತವೆ. ಉತ್ತರದ ದರ್ಜಿಗಳು ಅವನ್ನು ಕಲಿ, ಚೌಬಗಲಾ ಎನ್ನುತ್ತಾರೆ. ಯಾರು ಯಾರಿಂದ ಕಲಿತರೆಂಬ ಚರ್ಚೆಗೆ ಇಲ್ಲಿ ಆಸ್ಪದವಿಲ್ಲ. ಮಗ್ಗದ ಅಗಲಕ್ಕೆ ಕಟ್ಟುಬಿದ್ದು, ಬಟ್ಟೆ ಪೋಲಾಗದಂತೆ ಉಡುಪು ಮಾಡಬೇಕಾದವರು ಎಲ್ಲಿದ್ದರೂ ಇಂಥದೇ ಉತ್ತರಕ್ಕೆ ತಲುಪುವುದು ಸಹಜ.

ಈ ಲೆಕ್ಕವನ್ನು ಕಾಗದದ ಮೇಲೆ ಅರ್ಥಮಾಡಿಕೊಂಡ ನಂತರ ನಾನೇ ಒಂದು ಶಿಫ್ಟನ್ನು ಕೈಯಿಂದ ಹೊಲಿದೆ. ಒಂದು ಬದಿಯಲ್ಲಿ ತ್ರಿಕೋನದ ಓರೆ ಅಂಚನ್ನು ಮೈಭಾಗದ ನೇರ ಅಂಚಿಗೆ ಜೋಡಿಸಿದ್ದೆ. ಇನ್ನೊಂದು ಬದಿಯಲ್ಲಿ ಅಜಾಗರೂಕತೆಯಿಂದ ತ್ರಿಕೋನಗಳು ತಿರುಗಿ, ಎರಡು ಓರೆ ಅಂಚುಗಳು ಪರಸ್ಪರ ಕೂಡಿಕೊಂಡವು. ಹೊಲಿದಾಗ ವ್ಯತ್ಯಾಸ ತಿಳಿಯಲಿಲ್ಲ. ಒಗೆದು ಒಣಹಾಕಿದಾಗ ಆ ಬದಿಯ ಹೊಲಿಗೆ ಹಿಗ್ಗಿ ಅಲೆಯಲೆಯಾಗಿ ಜೋತುಬಿದ್ದಿತು. ಮೊದಲಿನ ಬದಿ ನೇರವಾಗಿಯೇ ಇತ್ತು. ಓರೆಗೆ ನೇರವನ್ನು ಕೂಡಿಸಬೇಕೆಂಬ ನಿಯಮವನ್ನು ಅದಕ್ಕೆ ಮೊದಲು ಪುಸ್ತಕದಲ್ಲಿ ಓದಿದ್ದೆನಾದರೂ ಅದು ಒಗೆತಕ್ಕೆ ಸಂಬಂಧಿಸಿದ ನಿಯಮವೆಂದು ತಿಳಿದದ್ದು ಹಗ್ಗದ ಮೇಲೆ ತೂಗುತ್ತಿದ್ದ ಆ ಬಟ್ಟೆಯಿಂದ.

ಹೊಲಿಗೆಯ ವಿಧಾನವೂ ಒಗೆತವನ್ನೇ ಮುಂದಿಟ್ಟುಕೊಂಡದ್ದು. ಕತ್ತರಿಸುವ ಮುನ್ನ ಬಟ್ಟೆಯಿಂದ ಒಂದು ಎಳೆಯನ್ನು ಹಿರಿದು, ಆ ಎಳೆ ಹೋದ ಗೆರೆಯ ಮೇಲೆ ಕತ್ತರಿ ಆಡಿಸುತ್ತಿದ್ದರು. ಅಂಚು ಅಣುವಷ್ಟೂ ಓರೆಯಾಗುತ್ತಿರಲಿಲ್ಲ. ಜೇನುಮೇಣ ಸವರಿದ ಲಿನನ್ ದಾರದಿಂದ ಮೊದಲು ಎರಡು ತುಂಡುಗಳನ್ನು ಕೂಡಿಸಿ, ಒಂದರ ಅಂಚನ್ನು ಕಿರಿದಾಗಿ ಕತ್ತರಿಸಿ, ಇನ್ನೊಂದರ ಅಂಚನ್ನು ಅದರ ಮೇಲೆ ಮಡಿಸಿ ಮತ್ತೆ ಸಣ್ಣ ಹೆಮ್ಮಿಂಗ್ ಹಾಕುತ್ತಿದ್ದರು. ಕತ್ತರಿಸಿದ ಅಂಚು ಎಲ್ಲಿಯೂ ಹೊರಗೆ ಕಾಣದು. ಎಳೆ ಬಿಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ. ನೇಯ್ಗೆಯ ಅಂಚುಗಳು ಎದುರುಬದುರಾದಲ್ಲಿ ಮಡಿಕೆಯ ಅಗತ್ಯವಿಲ್ಲದೆ ಸುತ್ತುಹೊಲಿಗೆಯಿಂದಲೇ ಕೂಡಿಸುತ್ತಿದ್ದರು. ಒಗೆಯಲು ಹೋದ ಬಟ್ಟೆ ಅದಲುಬದಲಾಗದಂತೆ ಕೊರಳ ಬಳಿಯೋ ಕೆಳಗೋ ಒಡತಿಯ ಹೆಸರಿನ ಮೊದಲಕ್ಷರಗಳನ್ನೂ ಒಂದು ಸಂಖ್ಯೆಯನ್ನೂ ಕೆಂಪು ಅಥವಾ ನೀಲಿ ದಾರದಲ್ಲಿ ಅಡ್ಡಗೀಟು ಹೊಲಿಗೆಯಿಂದ ಗುರುತಿಸುವುದಿತ್ತು. ಹುಡುಗಿಯರು ಕಸೂತಿಯ ಮಾದರಿ ಬಟ್ಟೆಗಳ ಮೇಲೆ ಅಕ್ಷರಮಾಲೆಯನ್ನು ಹೊಲಿದು ಕಲಿಯುತ್ತಿದ್ದುದು ಮುಖ್ಯವಾಗಿ ಈ ಕೆಲಸಕ್ಕಾಗಿ. ಅನೇಕರಿಗೆ ಅಕ್ಷರದ ಮೊದಲ ಪರಿಚಯ ಆದದ್ದೂ ಸೂಜಿಯ ಮೂಲಕವೇ.

ಈ ಜ್ಞಾನ ಬರಹಕ್ಕೆ ಬಂದದ್ದು ತಡವಾಗಿ, ಅದೂ ಮನೆಯ ಹೊರಗಿನ ಕಾರಣಗಳಿಗಾಗಿ. ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಪ್ರಕಟಿಸಿದ ಕಸುಬುಗಳ ವಿವರಣಾಮಾಲೆಯಲ್ಲಿ ಗಾರ್ಸೋ 1769ರಲ್ಲಿ ದರ್ಜಿಯ ಕಸುಬನ್ನೂ 1771ರಲ್ಲಿ ಲಿನನ್ ಹೊಲಿಯುವ ಹೆಂಗಸರ ಕಸುಬನ್ನೂ ದಾಖಲಿಸಿದನು. 1789ರಲ್ಲಿ ಲಂಡನ್ನಿನಲ್ಲಿ ಬಡವರಿಗಾಗಿ ಬಟ್ಟೆ ಕತ್ತರಿಸುವ ಸೂಚನೆಗಳ ಪುಸ್ತಕವೊಂದು ಬಂದಿತು. ದಾನಕ್ಕಾಗಿ ಒಟ್ಟಿಗೆ ಅನೇಕ ಉಡುಪುಗಳನ್ನು ಹೊಲಿಸುವವರಿಗೆ ಎಷ್ಟು ಬಟ್ಟೆ ಬೇಕೆಂಬ ಲೆಕ್ಕ ಅದರ ಮುಖ್ಯ ವಿಷಯ. 1838ರ ‘ವರ್ಕ್‌ವುಮನ್ಸ್ ಗೈಡ್’ ಇನ್ನಷ್ಟು ವಿಸ್ತಾರವಾದುದು. ಅದರ ಲೇಖಕಿ ತನ್ನ ಹೆಸರನ್ನು ಹೇಳಿಕೊಳ್ಳದೆ ‘ಒಬ್ಬ ಮಹಿಳೆ’ ಎಂದಷ್ಟೇ ಗುರುತಿಸಿಕೊಂಡಿದ್ದಾಳೆ.

ಶಿಫ್ಟಿನ ಇತಿಹಾಸದಲ್ಲಿ ಭಾರತದ ಪಾತ್ರವೂ ಉಂಟು. 1783ರಲ್ಲಿ ಚಿತ್ರಕಲಾವಿದೆ ವಿಜೇ ಲ ಬ್ರೂನ್ ಫ್ರಾನ್ಸಿನ ರಾಣಿ ಮರೀ ಆಂತ್ವಾನೆತ್‌ಳನ್ನು ತೆಳುವಾದ ಬಿಳಿಯ ಮಸ್ಲಿನ್ ಉಡುಪಿನಲ್ಲಿ ಚಿತ್ರಿಸಿದಳು. ರಾಣಿ ಒಳಉಡುಪಿನಲ್ಲಿ ನಿಂತಂತಿದೆಯೆಂಬ ಆಕ್ಷೇಪ ಎದ್ದು ಆ ಚಿತ್ರವನ್ನು ಪ್ರದರ್ಶನದಿಂದ ತೆಗೆಯಬೇಕಾಯಿತು. ಆದರೂ ಆ ಬಗೆಯ ಉಡುಪು ‘ರಾಣಿಯ ಶೆಮೀಸ್’ ಎಂಬ ಹೆಸರಿನಲ್ಲಿಯೇ ಹರಡಿತು. ಆ ಕಾಲದಲ್ಲಿ ನಯವಾದ ಮಸ್ಲಿನ್ನಿಗೆ ಬಂಗಾಳವು ಪ್ರಸಿದ್ಧವಾಗಿತ್ತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಒಳಉಡುಪುಗಳಲ್ಲಿಯೂ ಲಿನನ್ನಿನ ಸ್ಥಾನವನ್ನು ಹತ್ತಿ ಕ್ರಮೇಣ ಆಕ್ರಮಿಸಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಚಲನೆ ತಿರುಗಿತು: ಮುಂಬಯಿಯಲ್ಲಿದ್ದು ಬಂದ ಜ್ಞಾನದಾನಂದಿನಿ ದೇವಿ ಬಂಗಾಳದಲ್ಲಿ ಸೀರೆಯೊಳಗೆ ಶೆಮೀಸ್, ರವಿಕೆ, ಪೆಟಿಕೋಟುಗಳನ್ನು ತೊಡುವ ಕ್ರಮವನ್ನು ಬಳಕೆಗೆ ತಂದರು. ಕನ್ನಡದ ಮನೆಮಾತಾಗಿರುವ ‘ಪೆಟಿಕೋಟು’ ಅದೇ ಪದಾರ್ಥದ ಜೊತೆ ಬಂದ ಪದ.

ಸ್ಟೇಸ್: ದರ್ಜಿಯ ಕಸುಬು

ಶಿಫ್ಟಿನ ಮೇಲೆ ಮುಂಡವನ್ನು ಹಿಡಿದುನಿಲ್ಲಿಸುವ ಬಿಗಿಯುಡುಪಿಗೆ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಟೇಸ್ ಎಂದು ಹೆಸರು. ಕಾರ್ಸೆಟ್ ಎಂಬ ಪದ ಆ ಮೇಲೆ ರೂಢಿಗೆ ಬಂದುದು. ಶಿಫ್ಟ್ ಹೆಣ್ಣುಮಕ್ಕಳ ಕೈಕೆಲಸವಾದರೆ ಸ್ಟೇಸ್ ಗಂಡಸರ ಕಸುಬು. ಪ್ಯಾರಿಸಿನಲ್ಲಿ 1675ರಲ್ಲಿ ಹೊಲಿಗೆಯ ಹೆಂಗಸರಿಗೆ ಸ್ವತಂತ್ರ ಶ್ರೇಣಿಯನ್ನು ಕಟ್ಟಿಕೊಳ್ಳುವ ಅನುಮತಿ ದೊರೆತಾಗಲೂ ಈ ಗಡುಸಾದ ಉಡುಪಿನ ತಯಾರಿಕೆ ದರ್ಜಿಗಳ ಹಕ್ಕಾಗಿಯೇ ಉಳಿಯಿತು. ದಪ್ಪ ಲಿನನ್ನಿನ ಪದರಗಳನ್ನು ಒಂದರ ಮೇಲೊಂದಿಟ್ಟು ಸಾಲುಸಾಲಾಗಿ ಹಿಂದಕ್ಕೆ ಮರಳಿ ಕುತ್ತುವ ಗಟ್ಟಿ ಹೊಲಿಗೆ ಹಾಕಿ, ಆ ಸಾಲುಗಳ ನಡುವಿನ ಕಿರಿದಾದ ನಾಳಗಳಲ್ಲಿ ಕಡ್ಡಿಗಳನ್ನು ತೂರಿಸಬೇಕು. ಇದಕ್ಕೆ ಕೈಬಲ ಬೇಕೆಂಬುದು ನಿಜ. ಹಕ್ಕನ್ನು ಬಿಟ್ಟುಕೊಡದಿರಲು ಅದೊಂದೇ ಕಾರಣವಾಗಿತ್ತೆಂದು ನಾನು ನಂಬಲಾರೆ.

ಆ ಕಡ್ಡಿಗೆ ‘ತಿಮಿಂಗಿಲದ ಮೂಳೆ’ ಎಂಬ ಹೆಸರು ಬಂದಿದ್ದರೂ ಅದು ಮೂಳೆಯಲ್ಲ. ಕೆಲವು ಜಾತಿಯ ತಿಮಿಂಗಿಲಗಳ ಮೇಲ್ದವಡೆಯಿಂದ ಜಾಲರಿಯಂತೆ ಇಳಿಬಿದ್ದು ಆಹಾರವನ್ನು ಸೋಸುವ ಬಲೀನ್ ಎಂಬ ಪಟ್ಟಿಯದು. ನಮ್ಮ ಉಗುರು, ಕೂದಲುಗಳ ಜಾತಿಯ ವಸ್ತು. ಎಳೆಯ ದಿಕ್ಕಿನಲ್ಲಿ ಬೇಕಾದಷ್ಟು ತೆಳುವಾಗಿ ಸೀಳಬಹುದು. ಬಾಗುತ್ತದೆ, ಮುರಿಯದು, ಮೈಯ ಶಾಖಕ್ಕೆ ಮೆದುವಾಗಿ ತೊಟ್ಟವರ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಇಂದು ಅದರ ಬಳಕೆ ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಮರುನಿರ್ಮಾಣದಲ್ಲಿ ತೊಡಗಿದವರು ಅದೇ ಗುಣವನ್ನು ಅನುಕರಿಸುವ ಪ್ಲಾಸ್ಟಿಕ್ ಪಟ್ಟಿ, ಜೊಂಡಿನ ಕಡ್ಡಿ ಅಥವಾ ಬೆತ್ತದ ಸೀಳುಗಳನ್ನು ಬಳಸುತ್ತಾರೆ. ಉಕ್ಕಿನ ಪಟ್ಟಿ ಸುಲಭವಾಗಿ ಸಿಗುತ್ತದಾದರೂ ಅದರ ಭಾರ, ಬಾಗುವ ಬಗೆ ಬೇರೆ. ಉಕ್ಕು ಹಾಕಿ ಹೊಲಿದ 18ನೆಯ ಶತಮಾನದ ಸ್ಟೇಸ್ ನೋಡಲು ಸರಿಯಾಗಿದ್ದರೂ ನಟಿಯ ಬೆನ್ನಿನ ನಿಲುವು ಸರಿಬರುವುದಿಲ್ಲ.

ಈ ಉಡುಪಿನ ಉದ್ದೇಶ ಸೊಂಟವನ್ನು ಹಿಂಡುವುದೆಂಬ ಕಲ್ಪನೆ 19ನೆಯ ಶತಮಾನದ ಕಾರ್ಸೆಟ್ ವಿವಾದಗಳಿಂದ ಹಿಂದಕ್ಕೆ ಹೊರಿಸಿದ್ದು. 18ನೆಯ ಶತಮಾನದ ಸ್ಟೇಸ್ ಮುಂಡಕ್ಕೆ ತಲೆಕೆಳಗಾದ ಶಂಕುವಿನ ಆಕಾರ ಕೊಡುತ್ತದೆ. ಹೆಗಲನ್ನು ಹಿಂದಕ್ಕೆ ಎಳೆದು ಎದೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ದುಡಿಯುವ ಹೆಂಗಸರೂ ಅದನ್ನು ತೊಡುತ್ತಿದ್ದರು. ಬಡವರಲ್ಲಿ ತೊಗಲಿನ ಸ್ಟೇಸ್ ಬಳಕೆಯಲ್ಲಿತ್ತು. ಸೊಂಟದ ಗೆರೆಯ ಕೆಳಗೆ ಅಂಚನ್ನು ಅಲ್ಲಲ್ಲಿ ಸೀಳಿ ನಾಲಿಗೆಗಳಂತೆ ಬಿಡುವುದನ್ನು ಗಮನಿಸಬೇಕು. ತೊಟ್ಟಾಗ ಈ ನಾಲಿಗೆಗಳು ತೊಡೆಯ ಮೇಲ್ಭಾಗಕ್ಕೆ ಹರಡಿ ಕೂರುತ್ತವೆ. ಮೇಲಿನಿಂದ ಕಟ್ಟುವ ಎರಡು ಮೂರು ಪೆಟಿಕೋಟುಗಳ ದಾರ ಮೈಗೆ ಕೊರೆಯದೆ, ಭಾರ ಇವುಗಳ ಮೇಲೆ ಹಂಚಿಹೋಗುತ್ತದೆ. ಸ್ಟೇಸ್ ಇಲ್ಲದೆ ಅದೇ ಪೆಟಿಕೋಟುಗಳನ್ನು ಕಟ್ಟಿಕೊಂಡ ನಟಿಯರು ಒಂದು ಗಂಟೆಯಲ್ಲಿ ಸೊಂಟ ನೋವೆನ್ನುವುದು ಇದೇ ಕಾರಣದಿಂದ.

ಸಣ್ಣ ಸಂಗತಿಯೊಂದು ಕಾಲವನ್ನು ಹೇಳಿಬಿಡುತ್ತದೆ. ದಾರ ತೂರಿಸುವ ತೂತುಗಳಿಗೆ ಲೋಹದ ಬಳೆ ಬಂದುದು 1820ರ ದಶಕದ ಕೊನೆಯಲ್ಲಿ. ಅದಕ್ಕೆ ಮೊದಲಿನ ಸ್ಟೇಸ್‌ಗಳಲ್ಲಿ ತೂತನ್ನು ಮೊನೆಯಿಂದ ಅಗಲಿಸಿ, ಸುತ್ತಲೂ ಕಾಜಾದಂತೆ ದಾರದಿಂದ ಹೊಲಿಯುತ್ತಿದ್ದರು. ಎಳೆಯನ್ನು ಕತ್ತರಿಸದೆ ಬದಿಗೆ ಸರಿಸಿದ ತೂತು ಬಹುಕಾಲ ಬಾಳುತ್ತದೆ. ಇಂದಿನ ಬೂಟಿನ ಲೇಸಿನಂತೆ ಅಡ್ಡಡ್ಡ ಹಾಕದೆ, ಒಂದೇ ದಾರವನ್ನು ಸುರುಳಿಯಾಗಿ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದರು; ಅದಕ್ಕೆಂದೇ ಎರಡು ಬದಿಯ ತೂತುಗಳು ಎದುರುಬದುರಾಗಿರದೆ ಒಂದಿಷ್ಟು ಮೇಲುಕೆಳಗಾಗಿರುತ್ತವೆ. 1760ರ ಕಥೆಯ ಚಿತ್ರದಲ್ಲಿ ಹೊಳೆಯುವ ಲೋಹದ ಬಳೆಯನ್ನೂ ಅಡ್ಡಡ್ಡ ಲೇಸನ್ನೂ ಕಂಡರೆ ಅದು ಚರಿತ್ರೆಯ ಉಡುಪಲ್ಲವೆಂದು ತಿಳಿಯಬಹುದು.

ಇಂಗ್ಲೆಂಡಿನಲ್ಲಿ ಉಳಿದುಬಂದಿರುವ ಈ ಬಗೆಯ ಉಡುಪುಗಳಲ್ಲಿ ಬಹು ಹಳೆಯದೊಂದು ಜೀವಂತ ವ್ಯಕ್ತಿಗಾಗಿ ಹೊಲಿದುದಲ್ಲ. ಒಂದನೆಯ ಎಲಿಜಬೆತ್ ರಾಣಿ 1603ರಲ್ಲಿ ತೀರಿಕೊಂಡಾಗ ಶವಯಾತ್ರೆಗೆ ಮಾಡಿದ ಪ್ರತಿಮೆಗೆ ಅದನ್ನು ತೊಡಿಸಿದ್ದರು. 1760ರಲ್ಲಿ ಪ್ರತಿಮೆಯನ್ನು ಹೊಸದಾಗಿ ಮಾಡಿದರು. ಒಳಗಿನ ಹಳೆಯ ಬಿಗಿಯುಡುಪು ಮಾತ್ರ ಹಾಗೆಯೇ ಉಳಿಯಿತು. ರಾಣಿಯ ಪ್ರತಿಮೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ.

ಸ್ಟೇಸ್ ಮತ್ತು ಗೌನಿನ ನಡುವೆ ಬರುವ ವಸ್ತುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬದಿಗಳನ್ನು ಚಾಚಿಸುವ ಬೆತ್ತದ ಅಥವಾ ಬಲೀನಿನ ಚೌಕಟ್ಟು ಆಸ್ಥಾನದ ಉಡುಪಿನಲ್ಲಿ 1820ರವರೆಗೆ ಉಳಿದಿತ್ತು. 1856ರಲ್ಲಿ ಉಕ್ಕಿನ ಬಳೆಗಳ ಪಂಜರದಂಥ ಕ್ರಿನೋಲಿನ್ ಬಂದು ಭಾರವಾದ ಹಲವು ಪೆಟಿಕೋಟುಗಳ ಹೊರೆಯನ್ನು ಇಳಿಸಿತು. ಆ ವೇಳೆಗೆ ಹೊಲಿಗೆಯಂತ್ರವೂ ಬಂದಿದ್ದುದರಿಂದ ಅಲ್ಲಿಂದ ಮುಂದಿನ ಉಡುಪುಗಳಿಗೆ ಯಂತ್ರದ ಹೊಲಿಗೆ ಹಾಕುವುದು ತಪ್ಪಲ್ಲ. ಆದರೆ ಜೇಬನ್ನು ಬಿಡುವಂತಿಲ್ಲ. 18ನೆಯ ಶತಮಾನದ ಹೆಂಗಸಿನ ಜೇಬು ಉಡುಪಿಗೆ ಹೊಲಿದುದಲ್ಲ. ಸೋರೆಕಾಯಿಯ ಆಕಾರದ ಒಂದು ಅಥವಾ ಎರಡು ಚೀಲಗಳನ್ನು ದಾರದಿಂದ ಸೊಂಟಕ್ಕೆ ಕಟ್ಟಿ, ಪೆಟಿಕೋಟಿನ ಬದಿಯ ಸೀಳಿನ ಮೂಲಕ ಕೈ ಹಾಕುತ್ತಿದ್ದರು. ಲೂಸಿ ಲಾಕೆಟ್ ತನ್ನ ಜೇಬನ್ನು ಕಳೆದುಕೊಂಡಳೆಂಬ ಇಂಗ್ಲಿಷ್ ಶಿಶುಪ್ರಾಸ ಇಂದಿನ ಮಕ್ಕಳಿಗೆ ವಿಚಿತ್ರವೆನಿಸಲು ಜೇಬು ಬಿಚ್ಚಿಬೀಳುವ ವಸ್ತುವೆಂಬ ಸಂಗತಿ ಮರೆತುಹೋದದ್ದೇ ಕಾರಣ. ನಮ್ಮ ಮುದುಕಿಯರ ಎಲೆಅಡಿಕೆ ಚೀಲವನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಒಳಗಿನಿಂದ ಹೊರಗೆ

ಈ ಜ್ಞಾನವನ್ನು ಶಾಸ್ತ್ರೀಯವಾಗಿ ಕಟ್ಟಿದವರಲ್ಲಿ ನೋರಾ ವಾ ಮತ್ತು ಜಾನೆಟ್ ಅರ್ನಾಲ್ಡ್ (1932–1998) ಅಗ್ರಗಣ್ಯರು. ನೋರಾ ವಾ ಅವರ ‘ಕಾರ್ಸೆಟ್ಸ್ ಅಂಡ್ ಕ್ರಿನೋಲಿನ್ಸ್’ 1954ರಲ್ಲಿ ಬಂದಿತು. ಅರ್ನಾಲ್ಡ್ ಸಂಗ್ರಹಾಲಯಗಳಲ್ಲಿ ಉಡುಪುಗಳನ್ನು ಅಂಗುಲ ಅಂಗುಲವಾಗಿ ಅಳೆದು, ಪ್ರತಿ ತೇಪೆ, ಪ್ರತಿ ಜೋಡಣೆಯನ್ನು ನಕ್ಷೆಗೆ ಇಳಿಸಿದರು. ಅವರ ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಮಾಲೆಯ ನಾಲ್ಕನೆಯ ಸಂಪುಟವು ಸುಮಾರು 1540ರಿಂದ 1660ರವರೆಗಿನ ಲಿನನ್ ಅಂಗಿ, ಸ್ಮಾಕ್ ಮೊದಲಾದವುಗಳಿಗೆ ಮೀಸಲಾಗಿದ್ದು, ಅವರ ಮರಣಾನಂತರ 2008ರಲ್ಲಿ 다른 ಸಹೋದ್ಯೋಗಿಗಳಿಂದ ಪೂರ್ಣಗೊಂಡು ಪ್ರಕಟವಾಯಿತು. ಸ್ಟೇಸ್ ಮತ್ತು ಚೌಕಟ್ಟುಗಳನ್ನು ಕುರಿತ ಐದನೆಯ ಸಂಪುಟ 2018ರಲ್ಲಿ ಬಂದಿತು.

ಲಂಡನ್ನಿನಲ್ಲಿ 1997ರಲ್ಲಿ ಬಾಗಿಲು ತೆರೆದ ಶೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರದಲ್ಲಿ ಜೆನ್ನಿ ತಿರಮಾನಿ ಈ ವಿದ್ವತ್ತನ್ನು ರಂಗಕ್ಕೆ ತಂದರು. ಕೆಲವು ಪ್ರಯೋಗಗಳಿಗೆ ಪ್ರೇಕ್ಷಕರ ಕಣ್ಣಿಗೆ ಬೀಳದ ಲಿನನ್ ಒಳಉಡುಪುಗಳನ್ನೂ ಆ ಕಾಲದ ಕ್ರಮದಲ್ಲಿ ಕೈಯಿಂದಲೇ ಹೊಲಿಸಿದರು. ಕಾಣದುದಕ್ಕೆ ಇಷ್ಟು ಶ್ರಮವೇಕೆಂಬ ಪ್ರಶ್ನೆ ಸಹಜ. ಉತ್ತರ ಹೊಲಿಗೆಯ ಕ್ರಮದಲ್ಲಿಯೇ ಇದೆ. ಮೊದಲು ಶಿಫ್ಟ್ ಹೊಲಿಯಬೇಕು. ಅದನ್ನು ತೊಡಿಸಿ ಅದರ ಮೇಲೆ ಸ್ಟೇಸಿನ ಅಳತೆ ತೆಗೆಯಬೇಕು. ಅಗ್ಗದ ದಪ್ಪ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ತಿದ್ದಿಕೊಳ್ಳಬೇಕು. ಸ್ಟೇಸ್ ಬಿಗಿದು, ಪೆಟಿಕೋಟು ಕಟ್ಟಿದ ನಂತರವೇ ಗೌನಿನ ಅಳತೆ. ಬರಿಮೈಯ ಅಳತೆಗೆ ಹೊಲಿದ ಗೌನು ಸ್ಟೇಸ್ ತೊಟ್ಟ ಮೈಗೆ ಹೊಂದುವುದಿಲ್ಲ. ಹಣದ ಅಭಾವದಲ್ಲಿ ನಾಟಕ ಮಂಡಳಿಗಳು ಮೊದಲು ಕೈಬಿಡುವುದು ಒಳಪದರವನ್ನು. ಗೌನನ್ನೇ ಸರಳಗೊಳಿಸಿ ಒಳಪದರಕ್ಕೆ ಖರ್ಚು ಮಾಡುವುದು ಮೇಲೆಂದು ನನಗೆ ತೋರುತ್ತದೆ.

ನಮ್ಮ ರಂಗಪರಂಪರೆಯ ದಾಖಲಾತಿಯಲ್ಲಿಯೂ ಇದೇ ಕೊರತೆಯಿದೆ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆಗಳ ವರ್ಣನೆಗೆ ಕೊರತೆಯಿಲ್ಲ. ವೇಷಧಾರಿಯ ಮೈಯನ್ನು ಲೋಕದ ಅಳತೆಗೆ ಮೀರಿ ಹಿಗ್ಗಿಸಲು ಒಳಗೆ ಸುತ್ತುವ ಬಟ್ಟೆ ಎಷ್ಟು ಮೊಳ, ಯಾವ ಪದರದ ಮೇಲೆ ಯಾವುದು, ಗಂಟು ಎಲ್ಲಿ, ಅದನ್ನು ಬಿಗಿಯುವವರು ಯಾರು ಎಂಬುದನ್ನು ಚೌಕಿಯಲ್ಲಿ ಕುಳಿತು ಬರೆದಿಟ್ಟವರು ವಿರಳ. ಕಿರೀಟ ಗಾಜಿನ ಕಪಾಟಿಗೆ ಹೋಗುತ್ತದೆ. ಒಳಗಿನ ಬಟ್ಟೆ ಹಳತಾದಾಗ ಒರೆಸುವ ಬಟ್ಟೆಯಾಗುತ್ತದೆ.

ಗೋಡೆಯೊಳಗಿನ ಉಡುಪು

ಒಳಉಡುಪುಗಳು ಉಳಿದುಬಂದ ಮತ್ತೊಂದು ಬಗೆಯು ಜಾನಪದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯದು. ಇಂಗ್ಲೆಂಡಿನ ಹಳೆಯ ಮನೆಗಳನ್ನು ಕೆಡವುವಾಗ ಗೋಡೆಯ ಪೊಳ್ಳಿನಲ್ಲಿ, ಒಲೆಯ ಹೊಗೆಗೂಡಿನ ಬಳಿ, ಬಾಗಿಲು ಕಿಟಕಿಗಳ ಮೇಲೆ ಬೇಕೆಂದೇ ಬಚ್ಚಿಟ್ಟ ಹಳೆಯ ಜೋಡು, ಟೋಪಿ, ಸ್ಟೇಸ್‌ಗಳು ಸಿಗುತ್ತವೆ. ಇಂಥ ಜೋಡುಗಳ ಪಟ್ಟಿಯನ್ನು ನಾರ್ಥಾಂಪ್ಟನ್ ಸಂಗ್ರಹಾಲಯ ಬಹುಕಾಲದಿಂದ ಇಟ್ಟುಕೊಂಡು ಬಂದಿದೆ. ಉಡುಪುಗಳನ್ನು ದಾಖಲಿಸಲು ವಸ್ತ್ರ ಸಂರಕ್ಷಣಾ ತಜ್ಞೆ ಡೈನಾ ಈಸ್ಟಪ್ 1998ರಲ್ಲಿ ಪ್ರತ್ಯೇಕ ಯೋಜನೆಯನ್ನು ಆರಂಭಿಸಿದರು. ಸಿಕ್ಕವೆಲ್ಲ ಬಹುಮಟ್ಟಿಗೆ ಚೆನ್ನಾಗಿ ಬಳಸಿ ಸವೆದವು. ಬಚ್ಚಿಟ್ಟ ಸ್ಥಳಗಳೆಲ್ಲ ಹೊರಗಿನಿಂದ ಒಳಬರುವ ದಾರಿಗಳು. ಮನೆಗೆ ಕೇಡು ತಟ್ಟದಿರಲೆಂದು, ಮೈಯ ಗುರುತು ಉಳಿದ ವಸ್ತುವನ್ನು ಕಾವಲಿಗಿಟ್ಟರೆಂಬ ವಿವರಣೆ ಪ್ರಚಲಿತವಾಗಿದೆ. ಅದನ್ನು ಬಚ್ಚಿಟ್ಟವರು ಮಾತ್ರ ಏನನ್ನೂ ಬರೆದಿಟ್ಟಿಲ್ಲ. ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಬೊಂಬೆ ನಿಲ್ಲಿಸುವ, ವಾಹನಕ್ಕೆ ಹಳೆಯ ಚಪ್ಪಲಿ ಕಟ್ಟುವ ನಾಡಿನವರಾದ ನಾವು ಈ ಸಾದೃಶ್ಯಕ್ಕೆ ಬೇಗ ಮನಸೋಲುತ್ತೇವೆ. ಆದರೆ ನಮ್ಮದು ಎಲ್ಲರ ಕಣ್ಣಿಗೆ ಬೀಳಲೆಂದು ತೂಗುಹಾಕಿದ್ದು, ಅವರದು ಯಾರಿಗೂ ಕಾಣಬಾರದೆಂದು ಮುಚ್ಚಿದ್ದು. ಈ ವ್ಯತ್ಯಾಸವನ್ನು ದಾಟಿ ಸಮೀಕರಿಸುವುದು ಸರಿಯಲ್ಲ.

ಮರುನಿರ್ಮಾಣ ಮಾಡುವವರಿಗೆ ಈ ಉಡುಪುಗಳು ಅಮೂಲ್ಯವಾಗಿರುವುದು ಬೇರೊಂದು ಕಾರಣಕ್ಕೆ. ಶ್ರೀಮಂತರ ಪೆಟ್ಟಿಗೆಯಲ್ಲಿ ಉಳಿದ ಸ್ಟೇಸಿನಲ್ಲಿ ದರ್ಜಿಯ ಕೆಲಸವಷ್ಟೇ ಕಾಣುತ್ತದೆ. ಗೋಡೆಯಿಂದ ಹೊರಬಂದುದರಲ್ಲಿ ತೊಟ್ಟವಳ ಕೆಲಸವೂ ಕಾಣುತ್ತದೆ: ಕಡ್ಡಿ ತೂರಿಬಂದಲ್ಲಿ ಹಾಕಿದ ತೇಪೆ, ಮೈ ದಪ್ಪವಾದಾಗ ಸೇರಿಸಿದ ತುಂಡು, ಕಂಕುಳಲ್ಲಿ ಬೆವರಿನ ಕಲೆ, ಒಂದು ಬದಿಯಲ್ಲಿ ಹೆಚ್ಚಾಗಿ ಸವೆದ ಅಂಚು. ಈ ಕಾರಣಕ್ಕಾಗಿಯೇ ಇಂಥ ಉಡುಪು ಸಿಕ್ಕಾಗ ಅದನ್ನು ಒಗೆದು ಇಸ್ತ್ರಿ ಮಾಡುವ ಹಳೆಯ ರೂಢಿಯನ್ನು ಸಂರಕ್ಷಕರು ಪ್ರಶ್ನಿಸಿದರು. ಮುದುಡಿ ತುರುಕಿದಾಗ ಬಿದ್ದ ಸುಕ್ಕು, ಹೊಗೆಗೂಡಿನ ಮಸಿ, ಗೋಡೆಯ ಸುಣ್ಣದ ಪುಡಿ ಇವೆಲ್ಲವೂ ಬಚ್ಚಿಟ್ಟ ಕ್ರಿಯೆಯ ದಾಖಲೆಗಳೆಂದು ತಿಳಿದು, ಅವನ್ನು ಹಾಗೆಯೇ ಉಳಿಸಿ, ಉಡುಪಿಗೆ ಆಧಾರವಷ್ಟೇ ಕೊಟ್ಟು ಇಡುವ ಕ್ರಮ ಈಗ ಬಳಕೆಯಲ್ಲಿದೆ. ಹೊಲಿಯುವವರು ಆ ಸುಕ್ಕಿನ ನಡುವೆಯೇ ಅಳತೆಪಟ್ಟಿ ಹಿಡಿದು ಲೆಕ್ಕ ತೆಗೆಯಬೇಕು.